ಕ್ಯಾನ್ಸರ್ ತಡೆಯುವ ಕೆಲಸ ದೇಹ ಮಾಡುತ್ತಲೇ ಇದೆ, ಅಡ್ಡ ಬರುವವರು ನಾವೇ

ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಅರಿಶಿನದ ನೀರು. ಆಮೇಲೆ ನಾಲ್ಕು ಬೇವಿನ ಚಿಗುರು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ್ದರಂತೆ, ಲಕ್ಷ್ಮಣ ಫಲದ ಎಲೆಯ ಕಷಾಯ. ಇಷ್ಟೆಲ್ಲ ಶ್ರದ್ಧೆಯಿಂದ ಕುಡಿದು, ತಿಂಡಿ ಮುಗಿಸಿ, ಬಾಯಿಗೆ ಎರಡು ಹೋಳು ಅಡಿಕೆ, ಚೂರು ಹೊಗೆಸೊಪ್ಪು. ಮಂಡ್ಯ, ಮೈಸೂರು ಕಡೆ ಇಂಥವರು ಬೀದಿಗೊಬ್ಬರು ಸಿಗುತ್ತಾರೆ. ಅವರನ್ನು ನೋಡಿ ನಗಬೇಕಾಗಿಲ್ಲ. ಕ್ಯಾನ್ಸರ್ ಬರದೇ ಇರಲಿ ಅನ್ನುವ ಆಸೆ ನಿಜವಾದದ್ದೇ, ಕೆಲಸದ ಸರದಿ ಮಾತ್ರ ತಲೆಕೆಳಗಾಗಿದೆ.

ಈ ಬರಹದಲ್ಲಿ ಆ ಸರದಿಯನ್ನು ಸರಿಮಾಡುತ್ತೇನೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಮೇಲಿಂದ ಕೆಳಕ್ಕೆ ಮಾಡುತ್ತಾ ಹೋಗಿ. ಎಲ್ಲವೂ ಒಟ್ಟಿಗೆ ಆಗಲ್ಲ ಅಂದರೆ ಮೊದಲನೆಯದನ್ನಾದರೂ ಹಿಡಿಯಿರಿ.

ಮೊದಲು, ಒಳಗೆ ಏನು ನಡೆಯುತ್ತಿದೆ?

ನಮ್ಮ ಮೈಯಲ್ಲಿ ದಿನಾ ಕೋಟಿಗಟ್ಟಲೆ ಜೀವಕೋಶಗಳು ಸಾಯುತ್ತವೆ, ಅಷ್ಟೇ ಹೊಸದಾಗಿ ಹುಟ್ಟುತ್ತವೆ. ಒಂದು ಕೋಶ ಎರಡಾಗುವಾಗ ಅದರೊಳಗಿನ ಡಿಎನ್‌ಎ ಪೂರ್ತಿ ನಕಲಾಗಬೇಕು. ಹಿಂದೆ ಶ್ಯಾನುಭೋಗರು ಪಹಣಿಯನ್ನು ಕೈಯಲ್ಲೇ ಬರೆಯುವಾಗ ಒಂದು ಸರ್ವೆ ನಂಬರ್ ಹೆಚ್ಚುಕಮ್ಮಿಯಾಗಿ ಎಷ್ಟು ಮನೆಯವರು ಕೋರ್ಟು ಅಲೆದಿಲ್ಲ ಹೇಳಿ? ಇಲ್ಲೂ ಹಾಗೇ ತಪ್ಪು ನುಸುಳುತ್ತದೆ. ಆ ತಪ್ಪನ್ನು ಹುಡುಕಿ ಸರಿಮಾಡುವ ವ್ಯವಸ್ಥೆ ಪ್ರತಿ ಕೋಶದಲ್ಲೂ ಇದೆ. ಈ ರಿಪೇರಿ ಹೇಗೆ ನಡೆಯುತ್ತದೆ ಅಂತ ಬಿಡಿಸಿ ತೋರಿಸಿದ ತೋಮಸ್ ಲಿಂಡಾಲ್, ಪಾಲ್ ಮೋಡ್ರಿಚ್, ಅಜೀಜ್ ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಬಂತು.

ರಿಪೇರಿಗೂ ಮೀರಿ ಕೆಟ್ಟಿದ್ದರೆ? ಆಗ ಪಿ53 ಎಂಬ ಪ್ರೋಟೀನ್ ಎದ್ದು ನಿಲ್ಲುತ್ತದೆ. ಇದು ಪತ್ತೆಯಾದದ್ದು 1979ರಲ್ಲಿ. ಕೋಶ ಮುಂದಕ್ಕೆ ಒಡೆಯದಂತೆ ತಡೆಯುತ್ತದೆ, ರಿಪೇರಿಗೆ ಸಮಯ ಕೊಡುತ್ತದೆ, ಆಗಲೂ ಸರಿಹೋಗದಿದ್ದರೆ ಆ ಕೋಶ ತಾನಾಗಿಯೇ ಸಾಯುವಂತೆ ಮಾಡುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಈ ಪಿ53ರ ಜೀನೇ ಕೆಟ್ಟುಹೋಗಿರುತ್ತದೆ ಅಂದರೆ ಅದರ ಕೆಲಸ ಎಷ್ಟು ದೊಡ್ಡದು ಅಂತ ನೀವೇ ಅಂದಾಜು ಮಾಡಿ.

ಇದನ್ನೂ ತಪ್ಪಿಸಿಕೊಂಡ ಕೋಶಗಳನ್ನು ಹಿಡಿಯುವುದು ರಕ್ತದಲ್ಲಿ ಓಡಾಡುವ ಎನ್‌ಕೆ ಕೋಶಗಳು ಮತ್ತು ಟಿ ಕೋಶಗಳು ಅನ್ನುವ, ರೋಗನಿರೋಧಕ ಶಕ್ತಿಯ ಭಾಗವಾದ ಬಿಳಿ ರಕ್ತಕಣಗಳು. ಇವು ದುರ್ಬಲವಾದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಇದೆ. ಕಿಡ್ನಿ ಕಸಿ ಮಾಡಿಸಿಕೊಂಡವರು ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕಬಾರದು ಅಂತ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಾರೆ. ಅವರಲ್ಲಿ ಹಲವು ಬಗೆಯ ಕ್ಯಾನ್ಸರ್ ಬೇರೆಯವರಿಗಿಂತ ಜಾಸ್ತಿ. ಹಾಗಾದರೆ ಈ ಶಕ್ತಿಯನ್ನು ಹೆಚ್ಚಿಸಿಬಿಟ್ಟರೆ ಆಯಿತಲ್ವಾ ಅಂತ ಕೇಳಬಹುದು. ಅಂಗಡಿಯವರು ಮಾರುವುದೇ ಆ ಪ್ರಶ್ನೆಯನ್ನು. ಪುಡಿ ಕಲಸಿ ಕುಡಿದು ಈ ಕೋಶಗಳನ್ನು ಕ್ಯಾನ್ಸರ್ ಮೇಲೆ ಛೂ ಬಿಡುವ ದಾರಿ ಇಲ್ಲ. ನಮ್ಮ ಕೈಯಲ್ಲಿರುವುದು ಇನ್ನೊಂದು: ದಿನಾ ಆಗುವ ಹಾನಿಯನ್ನು ಕಮ್ಮಿ ಮಾಡುವುದು, ರಿಪೇರಿ ಮಾಡುವ ಒಳಗಿನವರಿಗೆ ಒಳ್ಳೆಯ ಊಟ, ಓಡಾಟ, ನಿದ್ದೆ ಕೊಡುವುದು. ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 30ರಿಂದ 50ರಷ್ಟನ್ನು ತಡೆಯಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಲೆಕ್ಕದಲ್ಲೇ.

ಒಂದನೇ ಹೆಜ್ಜೆ: ಬಾಯಲ್ಲಿ ಇರುವುದನ್ನು ಉಗಿಯಿರಿ

ಇದೇ ಎಲ್ಲಕ್ಕಿಂತ ದೊಡ್ಡದು. ಬೀಡಿ, ಸಿಗರೇಟು, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಪಾನ್ ಮಸಾಲ. ತಂಬಾಕಿನಲ್ಲಿ ನೈಟ್ರೋಸಮೈನ್ ಅನ್ನುವ ರಾಸಾಯನಿಕಗಳಿವೆ. ಅವು ಡಿಎನ್‌ಎಗೆ ಅಂಟಿಕೊಂಡು ಓದುವ ಅಕ್ಷರವನ್ನೇ ಕೆಡಿಸುತ್ತವೆ. ಸರಿಮಾಡುವ ಕಿಣ್ವಗಳು ಸುಮ್ಮನೆ ಕೂತಿರುವುದಿಲ್ಲ, ಕೆಲಸ ಮಾಡುತ್ತವೆ, ಆದರೆ ನೀವು ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ದವಡೆಯ ಸಂದಿಯಲ್ಲಿ ಹೊಗೆಸೊಪ್ಪಿನ ಉಂಡೆ ಇಟ್ಟುಕೊಂಡು, ಅದೂ ಇಪ್ಪತ್ತು ವರ್ಷ, ಮಲಗುವಾಗಲೂ ಉಗಿಯದೆ ಮಲಗಿದರೆ ಆ ಜಾಗದ ಕೋಶಗಳಿಗೆ ಉಸಿರಾಡಲು ಬಿಡುವೆಲ್ಲಿ? ಉಂಡೆ ಇಡುವ ಕಡೆಯ ಕೆನ್ನೆಯಲ್ಲೇ ಹುಣ್ಣು ಏಳುವುದು ಸುಮ್ನೆ ಅಲ್ಲ.

ಅಡಿಕೆಯ ಮಾತು ಬಂದರೆ ನಮ್ಮ ಕಡೆ ಜನಕ್ಕೆ ಸ್ವಲ್ಪ ಬೇಜಾರಾಗುತ್ತದೆ. ಮೈಸೂರು ವೀಳ್ಯದೆಲೆಗೆ ಊರಿನ ಹೆಸರಿನ ಗುರುತು ಕೊಡುವ ಜಿಐ ಮಾನ್ಯತೆ ಇದೆ, ತಾಂಬೂಲ ಇಲ್ಲದೆ ಒಂದು ಶುಭಕಾರ್ಯ ನಡೆಯಲ್ಲ, ಬಾಡೂಟ ಆದ ಮೇಲೆ ಎಲೆ ಅಡಿಕೆ ತಟ್ಟೆ ಬರದಿದ್ದರೆ ನೆಂಟರು ಮುಖ ಊದಿಸಿಕೊಂಡು ಹೋಗುತ್ತಾರೆ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ, ತಂಬಾಕು ಬೆರೆಸದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ. ತಂಬಾಕು, ಮದ್ಯ ಇರುವುದೂ ಅದೇ ಗುಂಪಿನಲ್ಲಿ. ಅಡಿಕೆಯಲ್ಲಿರುವ ಅರೆಕೋಲಿನ್ ಬಾಯೊಳಗಿನ ಪದರವನ್ನು ನಾರುನಾರಾಗಿಸಿ ಬಿಗಿಮಾಡುತ್ತದೆ. ಮೊದಮೊದಲು ಖಾರ ತಿಂದರೆ ಉರಿ, ಆಮೇಲೆ ಬಾಯಿ ತೆರೆಯುವುದು ಕಮ್ಮಿ. ಕೊನೆಗೆ ಮುದ್ದೆಯ ತುತ್ತು ಹೋಗಲ್ಲ. ಎಲೆಯ ಮೇಲೆ ನನಗೆ ಕೋಪ ಇಲ್ಲ. ತಟ್ಟೆಯಲ್ಲಿ ಎಲೆ ಇರಲಿ, ಜೊತೆಗೆ ಸೋಂಪು, ಕಲ್ಲುಸಕ್ಕರೆ, ಏಲಕ್ಕಿ, ಲವಂಗ ಇಡಿ. ಅಡಿಕೆಯನ್ನು ದೇವರ ಮುಂದಿನ ತಾಂಬೂಲಕ್ಕೆ ಮಾತ್ರ ಉಳಿಸಿಕೊಳ್ಳಿ. ಸಂಪ್ರದಾಯಕ್ಕೂ ಭಂಗವಿಲ್ಲ.

ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದ ನಿಷೇಧ. ಆದರೆ ಪೆಟ್ಟಿಗೆ ಅಂಗಡಿ ಮುಂದೆ ಒಂದು ನಿಮಿಷ ನಿಂತು ನೋಡಿ. ಪಾನ್ ಮಸಾಲದ ಸರ ಒಂದು ಕಡೆ ತೂಗಾಡುತ್ತಿರುತ್ತದೆ, ಪಕ್ಕದಲ್ಲೇ ತಂಬಾಕಿನ ಚಿಕ್ಕ ಪಾಕೀಟಿನ ಸರ. ಅಂಗಡಿಯವರು ಎರಡನ್ನೂ ಒಂದೊಂದು ಕಿತ್ತು ಕೊಡುತ್ತಾರೆ. ಗಿರಾಕಿ ಹಲ್ಲಲ್ಲಿ ಕಚ್ಚಿ ಹರಿದು, ಒಂದನ್ನು ಇನ್ನೊಂದಕ್ಕೆ ಸುರಿದು, ಎರಡು ಸಲ ಅಲ್ಲಾಡಿಸಿ ಬಾಯಿಗೆ ಹಾಕಿಕೊಳ್ಳುತ್ತಾನೆ. ನಿಷೇಧವಾದ ಗುಟ್ಕಾ ಅಲ್ಲೇ ಅಂಗೈಯಲ್ಲಿ ತಯಾರು. ಕಾನೂನು ಕಾಪಾಡುತ್ತದೆ ಅಂತ ಕಾಯಬೇಡಿ.

ಬಿಡುವುದು ಹೇಗೆ? "ನಾಳೆಯಿಂದ ಬಿಡ್ತೀನಿ" ಅನ್ನುವುದನ್ನು ಬಿಟ್ಟು ಒಂದು ದಿನಾಂಕ ಗೊತ್ತುಮಾಡಿ, ಮನೆಯವರಿಗೆ ಹೇಳಿ. ಊರ ಹಬ್ಬ, ಮದುವೆ ಇರುವ ವಾರ ಬೇಡ. ಆ ದಿನ ಜೇಬು, ಬೈಕಿನ ಡಿಕ್ಕಿ, ದಿಂಬಿನ ಕೆಳಗೆ, ಹೊಲದ ಪಂಪ್‌ಸೆಟ್ ಮನೆಯ ಗೂಡು, ಎಲ್ಲ ಖಾಲಿ ಮಾಡಿ. ಬೇಕು ಅನ್ನಿಸುವ ತುಡಿತ ಒಂದೊಂದು ಸಲಕ್ಕೆ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತಿಗೆ ಕೈಗೆ ಸಿಗುವಂತೆ ಹುರಿಗಡಲೆ, ಲವಂಗ, ಒಣದ್ರಾಕ್ಷಿ ಇಟ್ಟುಕೊಳ್ಳಿ. ಮೊದಲ ಮೂರು ನಾಲ್ಕು ದಿನ ಸಿಟ್ಟು, ತಲೆನೋವು, ನಿದ್ದೆ ಬಾರದಿರುವುದು ಇದ್ದದ್ದೇ. ಎರಡು ಮೂರು ವಾರದಲ್ಲಿ ಇಳಿಯುತ್ತದೆ. ತಡೆಯಲು ಆಗದಿದ್ದರೆ ಮೆಡಿಕಲ್ ಸ್ಟೋರ್‌ನಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್ ಥರ ಒಂದೇ ಸಮನೆ ಜಗಿಯಬಾರದು. ನಿಧಾನವಾಗಿ ಜಗಿದು, ಬಾಯಿ ಜುಮ್ಮೆಂದ ಕೂಡಲೇ ಕೆನ್ನೆಯ ಸಂದಿಗೆ ತಳ್ಳಿ ಇಟ್ಟುಕೊಳ್ಳಬೇಕು, ಜುಮ್ಮೆನ್ನುವುದು ಹೋದ ಮೇಲೆ ಮತ್ತೆ ಜಗಿಯಬೇಕು. ಅದಕ್ಕೆ ಮೊದಲಿನ ಕಾಲು ಗಂಟೆ ಕಾಫಿ ಕುಡಿಯಬೇಡಿ, ನಿಕೋಟಿನ್ ಸರಿಯಾಗಿ ಹೀರುವುದಿಲ್ಲ. ಬಸುರಿಯರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು.

ಫೋನಿನಲ್ಲಿ ಮಾತಾಡಿ ಧೈರ್ಯ ತೆಗೆದುಕೊಳ್ಳಬೇಕು ಅಂದರೆ ಕೇಂದ್ರ ಸರ್ಕಾರದ ತಂಬಾಕು ಬಿಡಿಸುವ ಉಚಿತ ಸಹಾಯವಾಣಿ 1800-112-356. ಕನ್ನಡದಲ್ಲೂ ಮಾತಾಡುತ್ತಾರೆ. ಸಿಗರೇಟು ಬಿಟ್ಟು ಹತ್ತು ವರ್ಷ ಆಗುವ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. "ಆಗಿದ್ದು ಆಗೋಯ್ತು, ಈಗ ಬಿಟ್ಟು ಏನು" ಅನ್ನುವ ಯಜಮಾನರಿಗೆ ಇದನ್ನು ಹೇಳಿ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪೇ ಎಷ್ಟೋ ಮನೆಗಳ ಅನ್ನ. ಬೆಳೆಯುವವರನ್ನು ಬೈಯುವ ಹಕ್ಕು ನನಗಿಲ್ಲ. ಬೆಳೆದು ಮಾರುವುದಕ್ಕೂ ಬಾಯಿಗೆ ಹಾಕಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ ಅಷ್ಟೇ.

ಎರಡನೇ ಹೆಜ್ಜೆ: ಎಣ್ಣೆ

ಅಡುಗೆ ಎಣ್ಣೆಯ ಮಾತಲ್ಲ ಇದು, ಗೊತ್ತಾಯಿತಲ್ಲ. ದೇಹಕ್ಕೆ ಹೋದ ಮದ್ಯ ಅಸಿಟಾಲ್ಡಿಹೈಡ್ ಆಗಿ ಬದಲಾಗುತ್ತದೆ. ಇದು ಡಿಎನ್‌ಎಯನ್ನು ಕೆಡಿಸುವುದಲ್ಲದೆ ಆ ರಿಪೇರಿಗೂ ಅಡ್ಡಗಾಲು ಹಾಕುತ್ತದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ, ಈ ಏಳು ಜಾಗದ ಕ್ಯಾನ್ಸರಿಗೆ ಮದ್ಯದ ನಂಟು ಖಚಿತ. ಇಷ್ಟರವರೆಗೆ ಕುಡಿದರೆ ಅಪಾಯವಿಲ್ಲ ಅನ್ನುವ ಗೆರೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿಯೇ ಹೇಳಿತು. ಕಬ್ಬು ಕಡಿದು ಬಂದು "ಮೈಕೈ ನೋವಿಗೆ ಒಂದು ಕ್ವಾರ್ಟರ್" ಅನ್ನುವವರಿಗೂ, ಶನಿವಾರ ಮಾತ್ರ ಅನ್ನುವ ಆಫೀಸಿನವರಿಗೂ ಇದು ಒಂದೇ. ಬ್ರ್ಯಾಂಡ್ ದುಬಾರಿಯಾದರೆ ಹಾನಿ ಕಮ್ಮಿ ಆಗಲ್ಲ.

ಕುಡಿಯುತ್ತಾ ಸೇದುವುದು ಇನ್ನೂ ಕೆಟ್ಟದ್ದು. ಎರಡರ ಅಪಾಯ ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತದೆ. ಪೂರ್ತಿ ಬಿಡಲು ಆಗದವರು ಕಡೇಪಕ್ಷ ಈ ಜೋಡಿಯನ್ನು ಮುರಿಯಿರಿ. ಬಾರಿನಲ್ಲಿ ಕೂತರೆ ಸಿಗರೇಟು ತಾನಾಗಿ ಕೈಗೆ ಬರುತ್ತದೆ, ಆದ್ದರಿಂದ ಬಾರಿಗೆ ಹೋಗುವ ದಿನಗಳನ್ನು ಕಮ್ಮಿ ಮಾಡುವುದೇ ಸುಲಭದ ದಾರಿ. ಒಂದು ಎಚ್ಚರಿಕೆ: ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಭ್ರಮೆ, ಫಿಟ್ಸ್ ಬರಬಹುದು. ಅವರು ಡಾಕ್ಟರ ಸಹಾಯದಿಂದಲೇ ಬಿಡಬೇಕು.

ಮೂರನೇ ಹೆಜ್ಜೆ: ಎರಡು ಲಸಿಕೆ

ರೋಗನಿರೋಧಕ ಶಕ್ತಿಗೆ ನಿಜವಾಗಿ ಪಾಠ ಹೇಳಿಕೊಡುವ ವಸ್ತು ಯಾವುದಾದರೂ ಇದ್ದರೆ ಅದು ಲಸಿಕೆ. ಗರ್ಭಕೊರಳಿನ ಕ್ಯಾನ್ಸರಿಗೆ ಹೆಚ್ಚುಕಡಿಮೆ ಎಲ್ಲ ಸಂದರ್ಭಗಳಲ್ಲೂ ಎಚ್‌ಪಿವಿ ವೈರಸ್ ಕಾರಣ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸಿದರೆ ದೇಹ ಮೊದಲೇ ತಯಾರಾಗಿರುತ್ತದೆ. ನಮ್ಮ ದೇಶದಲ್ಲೇ ತಯಾರಾದ ಸರ್ವಾವ್ಯಾಕ್ ಈಗ ಸಿಗುತ್ತದೆ. ಎಷ್ಟು ಡೋಸ್ ಅನ್ನುವುದು ವಯಸ್ಸಿನ ಮೇಲೆ ನಿಂತಿದೆ, ಮಕ್ಕಳ ಡಾಕ್ಟರ್ ಹೇಳುತ್ತಾರೆ. "ಇಷ್ಟು ಚಿಕ್ಕ ಹುಡುಗಿಗೆ ಇದೆಲ್ಲ ಯಾಕೆ" ಅಂತ ಅಜ್ಜಿಯಂದಿರು ಕೇಳಿದರೆ, ವೈರಸ್ ತಗಲುವ ವಯಸ್ಸಿಗೆ ಮೊದಲೇ ಹಾಕಿದರೆ ಮಾತ್ರ ಪೂರ್ತಿ ಫಲ ಅಂತ ಸಮಾಧಾನವಾಗಿ ಹೇಳಿ.

ಇನ್ನೊಂದು ಹೆಪಟೈಟಿಸ್ ಬಿ. ಈ ವೈರಸ್ ವರ್ಷಗಟ್ಟಲೆ ಲಿವರಿನಲ್ಲಿ ಕೂತು ಕ್ಯಾನ್ಸರ್ ತರುತ್ತದೆ. ಈಗಿನ ಮಕ್ಕಳಿಗೆ ಹುಟ್ಟಿದ ಕೂಡಲೇ ಒಂದು, ಆಮೇಲೆ 6, 10, 14ನೇ ವಾರದಲ್ಲಿ ಸರ್ಕಾರಿ ಲಸಿಕೆಯಲ್ಲೇ ಬರುತ್ತದೆ. ತಾಯಿ ಕಾರ್ಡು ತೆಗೆದು ನೋಡಿ, ಹುಟ್ಟಿದ ದಿನದ್ದು ಬಿಟ್ಟುಹೋಗಿಲ್ಲ ತಾನೇ? ದೊಡ್ಡವರು ರಕ್ತ ಪರೀಕ್ಷೆ ಮಾಡಿಸಿ, ಇಲ್ಲದಿದ್ದರೆ ಹಾಕಿಸಿಕೊಳ್ಳಬಹುದು.

ನಾಲ್ಕನೇ ಹೆಜ್ಜೆ: ಬಸ್ಸಾರಿನ ಪಲ್ಯ ಬಿಡಬೇಡಿ

ಊಟದ ವಿಷಯದಲ್ಲಿ ನಮ್ಮ ಕಡೆಯವರು ಅದೃಷ್ಟವಂತರು. ಹೊಸದೇನೂ ಕಲಿಯಬೇಕಾಗಿಲ್ಲ, ಇದ್ದದ್ದನ್ನು ಮರೆಯದಿದ್ದರೆ ಸಾಕು.

ಬಸ್ಸಾರು ಹೇಗೆ ಮಾಡುತ್ತಾರೆ ಅಂತ ಮಂಡ್ಯದವರಿಗೆ ಹೇಳುವುದು ಉದ್ಧಟತನ, ಆದರೂ ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಅವರೆಕಾಳೋ ಹುರುಳಿಕಾಳೋ ಬೇಯಿಸಿ, ಅದಕ್ಕೆ ದಂಟಿನ ಸೊಪ್ಪು ಹಾಕಿ, ಬೆಂದ ಮೇಲೆ ಕಟ್ಟು ಬಸಿಯುತ್ತಾರೆ. ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಪಾತ್ರೆಯಲ್ಲಿ ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿದರೆ ಪಲ್ಯ. ನಾರಿನಂಶ ಇರುವುದು ಪೂರ್ತಿ ಆ ಪಲ್ಯದಲ್ಲಿ. ಈಗಿನ ಮನೆಗಳಲ್ಲಿ ಏನಾಗಿದೆ ನೋಡಿ: ಮಕ್ಕಳು ಅನ್ನಕ್ಕೆ ಸಾರು ಸುರಿದುಕೊಂಡು ಎದ್ದುಹೋಗುತ್ತಾರೆ, ಪಲ್ಯ ಅಮ್ಮನ ತಟ್ಟೆಗೆ, ಮಿಕ್ಕಿದ್ದು ದನದ ಕಲಗಚ್ಚಿಗೆ. ನಮ್ಮ ಹಸುವಿನ ಕರುಳು ನಮ್ಮದಕ್ಕಿಂತ ಆರೋಗ್ಯವಾಗಿರುತ್ತದೆ ಅಂತ ಕಾಣುತ್ತೆ!

ನಾರು ಯಾಕೆ ಬೇಕು? ನಮಗೆ ಅದು ಅರಗಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದೇ ಆಹಾರ. ಅವು ಅದನ್ನು ಕೊಳೆಸಿ ಬ್ಯುಟಿರೇಟ್ ಅನ್ನುವ ಆಮ್ಲ ಮಾಡುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಬೇಕಾದ ಇಂಧನ ಬಹುಪಾಲು ಬರುವುದು ಅದರಿಂದಲೇ. ಉರಿಯೂತವನ್ನೂ ಅದು ತಗ್ಗಿಸುತ್ತದೆ. ಜೊತೆಗೆ ಮಲ ಬೇಗ ಹೊರಗೆ ಹೋಗುತ್ತದೆ, ಕೆಟ್ಟ ವಸ್ತುಗಳು ಕರುಳಿಗೆ ತಾಗಿಕೊಂಡಿರುವ ಹೊತ್ತು ಕಮ್ಮಿಯಾಗುತ್ತದೆ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ಇದೆ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಲೆಕ್ಕ ಸುಲಭ: ಒಂದು ಹೊತ್ತು ಮುದ್ದೆ, ಜೊತೆಗೆ ಕಾಳು, ಒಂದು ಬಟ್ಟಲು ಸೊಪ್ಪಿನ ಪಲ್ಯ, ಎರಡು ಹಣ್ಣು. ಆಯಿತು. ಹಣ್ಣು ಅಂದರೆ ಕಿವಿ, ಬ್ಲೂಬೆರಿ ಬೇಡ. ದೇವರಾಜ ಮಾರುಕಟ್ಟೆಯಲ್ಲಿ ಸಿಗುವ ಸೀಬೆಹಣ್ಣು, ಪರಂಗಿ, ಬಾಳೆಹಣ್ಣು ಧಾರಾಳ ಸಾಕು.

ರಾಗಿ ಕ್ಯಾನ್ಸರ್ ವಾಸಿ ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಯೇ ಉಳುವವರ ಮುದ್ದೆಯ ಗಾತ್ರ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಅಲ್ಲ.

ಮಾಂಸ ತಿನ್ನುವವರು ಬಿಡಬೇಕಾಗಿಲ್ಲ. ಕುರಿ, ಮೇಕೆಯಂಥ ಕೆಂಪು ಮಾಂಸ ವಾರಕ್ಕೆ ಬೇಯಿಸಿದ ಲೆಕ್ಕದಲ್ಲಿ ಅರ್ಧ ಕೆಜಿ ಒಳಗಿರಲಿ. ಬನ್ನೂರು ಕುರಿ ಸಾರು ಸಾರಾಗಿಯೇ ಬೆಂದರೆ ಒಳ್ಳೆಯದು, ಬೆಂಕಿಯಲ್ಲಿ ಕರಿಕಲಾಗುವಂತೆ ಸುಟ್ಟರೆ ಆ ಕರಿಯಲ್ಲಿ ಕ್ಯಾನ್ಸರ್‌ಕಾರಕಗಳು ಹುಟ್ಟುತ್ತವೆ. ತಲೆ, ಕಾಲು ಸುಡಿಸಿ ತಂದರೆ ಮೇಲಿನ ಕರಿಯನ್ನು ಚಾಕುವಿನಲ್ಲಿ ಚೆನ್ನಾಗಿ ಕೆರೆದು ತೊಳೆಯಿರಿ. ಸಾಸೇಜ್, ಸಲಾಮಿ ಥರದ ಸಂಸ್ಕರಿಸಿದ ಮಾಂಸ 2015ರಲ್ಲೇ ಐಎಆರ್‌ಸಿಯ ಆ ಮೊದಲನೇ ಗುಂಪಿಗೆ ಸೇರಿದೆ, ಮಕ್ಕಳ ಡಬ್ಬಿಗೆ ಅದನ್ನು ಅಭ್ಯಾಸ ಮಾಡಬೇಡಿ.

ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಬೂಷ್ಟು ಹಿಡಿದ ಕಡಲೆಕಾಯಿ. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಲಿವರ್ ಕ್ಯಾನ್ಸರಿಗೆ ನೇರ ಕಾರಣಗಳಲ್ಲಿ ಅದೂ ಒಂದು. ಹುರಿದರೂ ಪೂರ್ತಿ ಹೋಗಲ್ಲ. ಮುರುಟಿದ, ಬಣ್ಣಗೆಟ್ಟ, ಕಹಿಯಾದ ಬೀಜ ಸಿಕ್ಕರೆ ಉಗಿದುಬಿಡಿ. ಕೊಬ್ಬರಿ, ಒಣಮೆಣಸಿನಕಾಯಿಗೂ ಇದೇ ಮಾತು. "ಬಿಸಿಲಿಗಿಟ್ಟು ಒರೆಸಿ ಉಪಯೋಗಿಸೋಣ" ಅನ್ನುವ ಉಳಿತಾಯ ಇಲ್ಲಿ ಬೇಡ.

ಕಾಫಿ ಕುಡಿಯಿರಿ, ತೊಂದರೆ ಇಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಅನ್ನನಾಳವನ್ನು ಮತ್ತೆ ಮತ್ತೆ ಸುಡುತ್ತದೆ, ಹಾಗಾಗಿ ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹೊಯ್ದು ಕುಡಿಯುವ ನಮ್ಮ ಹಳೇ ಪದ್ಧತಿಯೇ ಸರಿ.

ಐದನೇ ಹೆಜ್ಜೆ: ಟೇಪು ತನ್ನಿ, ಕಾಲು ಆಡಿಸಿ

ಟೈಲರ್ ಟೇಪಿನಲ್ಲಿ ಹೊಟ್ಟೆಯ ಸುತ್ತಳತೆ ಅಳೆಯಿರಿ. ಉಸಿರು ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ ಇಳಿಸಬೇಕು. ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ. ಅದು ಇನ್ಸುಲಿನ್ ಏರಿಸುತ್ತದೆ, ಸಣ್ಣ ಉರಿಯೂತವನ್ನು ಸದಾ ಹೊತ್ತಿಸಿಟ್ಟಿರುತ್ತದೆ, ಮುಟ್ಟು ನಿಂತ ಹೆಂಗಸರಲ್ಲಿ ಈಸ್ಟ್ರೋಜೆನ್ ತಯಾರಿಸುತ್ತದೆ. ಇವೆಲ್ಲ ಕೋಶಗಳಿಗೆ "ಬೆಳೆ, ಬೆಳೆ" ಅಂತ ಹೇಳುವ ಸಂಕೇತಗಳು. ಅತಿ ತೂಕಕ್ಕೆ 13 ಬಗೆಯ ಕ್ಯಾನ್ಸರಿನ ನಂಟಿದೆ.

ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಹೀಗೆ ಮೈ ಬಿಸಿಯಾದಾಗ ಎನ್‌ಕೆ ಕೋಶಗಳು ಮೂಲೆ ಬಿಟ್ಟು ರಕ್ತಕ್ಕೆ ಇಳಿದು ಓಡಾಡುತ್ತವೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆ ಇದೆ. ಮೊಣಕಾಲು ಗಟ್ಟಿ ಇದ್ದವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು, ಆದರೆ ವಾರಕ್ಕೊಮ್ಮೆ ಬೆಟ್ಟ ಹತ್ತಿ ಕೆಳಗಿಳಿದು ಎರಡು ಮಸಾಲೆ ದೋಸೆ ತಿಂದು ಉಳಿದ ಆರು ದಿನ ಕೂತರೆ ಅದು ನಡಿಗೆಯ ಲೆಕ್ಕಕ್ಕೆ ಬರಲ್ಲ. ಮಂಡ್ಯದವರಿಗೆ ನಾಲೆ ಏರಿ, ಸ್ಟೇಡಿಯಂ. ರೈತರು "ನಾವು ದಿನಾ ದುಡೀತೀವಲ್ಲ" ಅನ್ನುತ್ತಾರೆ. ದುಡಿಯುವವರಿಗೆ ಖಂಡಿತ ಬೇರೆ ವ್ಯಾಯಾಮ ಬೇಡ. ಟ್ರ್ಯಾಕ್ಟರ್ ಸೀಟಿನಲ್ಲಿ ಕೂತು, ಗದ್ದೆವರೆಗೂ ಬೈಕಿನಲ್ಲಿ ಹೋಗಿ ಬರುವವರು ಮಾತ್ರ ಯೋಚಿಸಬೇಕು.

ಬಾಣಂತಿಯರು ಮಗುವಿಗೆ ಆದಷ್ಟು ದಿನ ಎದೆಹಾಲು ಕೊಡಿ. ಹಾಲು ಕೊಟ್ಟ ತಿಂಗಳು ಜಾಸ್ತಿಯಾದಷ್ಟೂ ತಾಯಿಗೆ ಸ್ತನ ಕ್ಯಾನ್ಸರಿನ ಅಪಾಯ ಕಮ್ಮಿ.

ಆರನೇ ಹೆಜ್ಜೆ: ಬಚ್ಚಲ ಒಲೆ

ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಯಿತು, ಆದರೆ ಹಂಡೆ ಒಲೆ ಇನ್ನೂ ಹೋಗಿಲ್ಲ. ಅದಕ್ಕೆ ತೆಂಗಿನ ಮಟ್ಟೆ, ಚಿಪ್ಪು ಹಾಕುವುದು ಸರಿ. ಜೊತೆಗೆ ಹಾಲಿನ ಪಾಕೀಟು, ಬಿಸ್ಕೆಟ್ ಕವರು, ಹಳೇ ಚಪ್ಪಲಿ, ಔಷಧಿ ಬಾಟಲು ಎಲ್ಲ ಅಲ್ಲಿಗೇ. ಕಸವೂ ಹೋಯಿತು, ನೀರೂ ಕಾಯಿತು ಅನ್ನುವ ಲೆಕ್ಕ. ಪ್ಲಾಸ್ಟಿಕ್ಕು, ರಬ್ಬರು ಉರಿದಾಗ ಡಯಾಕ್ಸಿನ್‌ನಂಥ ವಿಷ ಬರುತ್ತದೆ, ಆ ಹೊಗೆ ಚಿಕ್ಕ ಬಚ್ಚಲಿನಲ್ಲಿ ಕೂತು ಊದುವವರ ಎದೆಗೇ ಹೋಗುತ್ತದೆ. ಬಹುಪಾಲು ಅದು ಮನೆಯ ಹೆಂಗಸರು. ಇವತ್ತಿನಿಂದಲೇ ಪ್ಲಾಸ್ಟಿಕ್ ಹಾಕುವುದನ್ನು ನಿಲ್ಲಿಸಿ, ಒಲೆಯ ಬಾಯಿ ಹೊರಗಡೆಗೆ ಇರುವಂತೆ ಮಾಡಿಸಿ. ಸಾಧ್ಯವಾದರೆ ಸೋಲಾರ್‌ಗೆ ಬದಲಾಯಿಸಿ.

ಹೊಲಕ್ಕೆ ಔಷಧಿ ಹೊಡೆಯುವವರು ಗಾಳಿಗೆ ಎದುರಾಗಿ ಹೊಡೆಯಬೇಡಿ, ಕೈಗವಸು, ಮಾಸ್ಕ್, ತುಂಬುತೋಳಿನ ಅಂಗಿ ಹಾಕಿ, ನಡುವೆ ಬೀಡಿ ಹಚ್ಚಬೇಡಿ, ಬಂದ ಮೇಲೆ ಸ್ನಾನ ಮಾಡಿ ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಖಾಲಿ ಡಬ್ಬದಲ್ಲಿ ನೀರು ಒಯ್ಯುವುದಂತೂ ಬೇಡವೇ ಬೇಡ.

ನಿದ್ದೆ: ಏಳು ಗಂಟೆ. ನಿದ್ದೆಗೆಟ್ಟರೆ ಎನ್‌ಕೆ ಕೋಶಗಳ ಚುರುಕು ಇಳಿಯುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ರಾತ್ರಿ ಪಾಳಿಯವರು ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ, ಫೋನನ್ನು ಇನ್ನೊಂದು ಕೋಣೆಯಲ್ಲಿಡಿ.

ಮಾಡಬೇಕಾಗಿಲ್ಲದ ಕೆಲಸಗಳು

ಅರಿಶಿನ ಸಾರಿಗೆ ಹಾಕಿ, ಹಾಲಿಗೆ ಹಾಕಿ, ರುಚಿಗೆ ಒಳ್ಳೆಯದು. ಅದರಲ್ಲಿನ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಬಹಳ ಕಮ್ಮಿ. ಮಾತ್ರೆಯ ರೂಪದಲ್ಲಿ ಜಾಸ್ತಿ ನುಂಗಿ ಲಿವರ್ ಕೆಡಿಸಿಕೊಂಡವರ ಉದಾಹರಣೆಗಳು ವೈದ್ಯರ ದಾಖಲೆಗಳಲ್ಲಿವೆ. ವಿಟಮಿನ್ ಮಾತ್ರೆ ತಿಂದರೆ ಕ್ಯಾನ್ಸರ್ ಬರಲ್ಲ ಅನ್ನುವುದಕ್ಕೆ ಒಳ್ಳೆಯ ಉತ್ತರ ಫಿನ್ಲೆಂಡಿನಿಂದ 1994ರಲ್ಲೇ ಬಂದಿದೆ. ಸಿಗರೇಟು ಸೇದುವವರಿಗೆ ಬೀಟಾ ಕೆರೋಟಿನ್ ಮಾತ್ರೆ ಕೊಟ್ಟು ನೋಡಿದರೆ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿಯಾಗುವ ಬದಲು ಜಾಸ್ತಿಯಾಯಿತು. ಕ್ಯಾರೆಟ್ ತಿನ್ನಿ, ಕ್ಯಾರೆಟ್ಟಿನ ಮಾತ್ರೆ ಬೇಡ. ಈಗಾಗಲೇ ಕೀಮೋ ನಡೆಯುತ್ತಿರುವವರಂತೂ ಯಾವ ಕಷಾಯ ಕುಡಿಯುವ ಮುಂಚೆಯೂ ಡಾಕ್ಟರಿಗೆ ಹೇಳಬೇಕು, ಔಷಧಿಯ ಕೆಲಸಕ್ಕೆ ಅಡ್ಡ ಬರಬಹುದು.

ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತದೆ ಅನ್ನುವುದೂ ಸುಳ್ಳು. ಎಲ್ಲ ಕೋಶಕ್ಕೂ ಗ್ಲೂಕೋಸ್ ಬೇಕು, ಅನ್ನದಿಂದಲಾದರೂ ದೇಹ ಮಾಡಿಕೊಳ್ಳುತ್ತದೆ. ಸಿಹಿ ಕಮ್ಮಿ ಮಾಡಬೇಕಾದದ್ದು ಹೊಟ್ಟೆಯ ಸುತ್ತಳತೆಗಾಗಿ. ಮಂಡ್ಯದ ಬೆಲ್ಲವಾದರೂ ಅಷ್ಟೇ, ಮೈಸೂರು ಪಾಕಾದರೂ ಅಷ್ಟೇ.

ಮತ್ತೆ, ಯಾರಿಗಾದರೂ ಕ್ಯಾನ್ಸರ್ ಬಂದರೆ "ಅವ್ರು ಏನ್ ತಿಂತಿದ್ರೋ, ಏನ್ ಮಾಡಿದ್ರೋ" ಅಂತ ಮಾತಾಡುವುದನ್ನು ದಯವಿಟ್ಟು ನಿಲ್ಲಿಸಿ. ಕೆಲವು ವಂಶದಲ್ಲಿ ಬರುತ್ತವೆ, ಕೆಲವು ಯಾವ ತಪ್ಪೂ ಇಲ್ಲದೆ, ನಕಲು ಮಾಡುವಾಗಿನ ಆಕಸ್ಮಿಕದಿಂದಲೇ ಬರುತ್ತವೆ. ಮೇಲಿನ ಹೆಜ್ಜೆಗಳು ಅಪಾಯ ತಗ್ಗಿಸುತ್ತವೆ, ಗ್ಯಾರಂಟಿ ಕಾರ್ಡು ಕೊಡುವುದಿಲ್ಲ. ಹಾಗಾಗಿಯೇ ಕೊನೆಯ ಹೆಜ್ಜೆ.

ಏಳನೇ ಹೆಜ್ಜೆ: ಕನ್ನಡಿ ಹಿಡಿದು ನೋಡಿಕೊಳ್ಳಿ

ತಿಂಗಳಿಗೊಮ್ಮೆ, ಬಾಯಿ ಮುಕ್ಕಳಿಸಿ, ಬಿಸಿಲ ಬೆಳಕಿಗೆ ಕನ್ನಡಿ ಹಿಡಿಯಿರಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ತುಟಿ ಮಗುಚಿ ನೋಡಿ. ಬೆರಳಿನಿಂದ ಕೆನ್ನೆ ಎಳೆದು ಎರಡೂ ಕಡೆ ಒಳಗೆ ನೋಡಿ. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ ಎಳೆದು ಅಂಚು ನೋಡಿ, ಮೇಲೆತ್ತಿ ಕೆಳಭಾಗ ನೋಡಿ. ಒರೆಸಿದರೂ ಹೋಗದ ಬಿಳಿ ಮಚ್ಚೆ, ವೆಲ್ವೆಟ್ಟಿನಂಥ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ನೋವಿಲ್ಲದಿದ್ದರೂ ತೋರಿಸಬೇಕು. ನೋವಿಲ್ಲ ಅನ್ನುವುದು ಸಮಾಧಾನದ ವಿಷಯವಲ್ಲ. ಆಮೇಲೆ ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಹಾಕಿ ನೋಡಿ. ಹೋಗದಿದ್ದರೆ ಅಡಿಕೆ ತನ್ನ ಕೆಲಸ ಶುರುಮಾಡಿರಬಹುದು.

ಸ್ತನದಲ್ಲಿ ಗಂಟು, ತೊಟ್ಟಿನಿಂದ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ, ಮೂರು ವಾರ ಬಿಡದ ಗಂಟಲು ಒಡಕು, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಕಂಡರೂ ತೋರಿಸಬೇಕು. ಮಲದ ರಕ್ತವನ್ನು "ಮೂಲವ್ಯಾಧಿ ಇರಬೇಕು" ಅಂತ ತಾವೇ ತೀರ್ಮಾನಿಸಿ ವರ್ಷ ಕಳೆಯುವವರು ಜಾಸ್ತಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗೆ ಮತ್ತೆ ಮಾತು ಕಲಿಸುತ್ತಾರೆ. ಅಲ್ಲಿಯವರೆಗೆ ಹೋಗುವುದಕ್ಕಿಂತ ಒಡಕು ದನಿಯನ್ನು ಒಂದು ತಿಂಗಳೊಳಗೆ ತೋರಿಸುವುದು ಸುಲಭ.

ಲಕ್ಷಣ ಇಲ್ಲದಿದ್ದರೂ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ, ಐದು ವರ್ಷಕ್ಕೊಮ್ಮೆ. ಆಶಾ ಕಾರ್ಯಕರ್ತೆ ಮನೆಗೆ ಫಾರಂ ಹಿಡಿದು ಬಂದರೆ "ನಮಗೇನೂ ಇಲ್ಲ ಕಣಮ್ಮ, ಹೋಗು" ಅನ್ನದೆ ಕೂರಿಸಿ ಉತ್ತರ ಕೊಡಿ. ಗರ್ಭಕೊರಳಿಗೆ ತೆಳು ಅಸಿಟಿಕ್ ಆಮ್ಲ ಸವರಿ ಬಿಳಿಯಾಗುವ ಜಾಗ ಇದೆಯಾ ಅಂತ ನೋಡುವ ಪರೀಕ್ಷೆ ಕೆಲವೇ ನಿಮಿಷದ್ದು.

ಏನಾದರೂ ಸಿಕ್ಕರೆ ಮಂಡ್ಯದವರಿಗೆ ಮಿಮ್ಸ್ ಆಸ್ಪತ್ರೆ, ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಹೆಂಗಸರ ತೊಂದರೆಗೆ ಚೆಲುವಾಂಬ ಆಸ್ಪತ್ರೆ, ಅಲ್ಲಿಂದ ಬೇಕಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಮೊದಲೇ ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ಇಟ್ಟುಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕಾ ಅಂತ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕೇಳಿ, ಆಮೇಲೆ ಅಲೆಯುವುದು ತಪ್ಪುತ್ತದೆ. ಡಾಕ್ಟರು ಬಯಾಪ್ಸಿ, ಅಂದರೆ ಅನುಮಾನದ ಜಾಗದಿಂದ ಚೂರು ತೆಗೆದು ಪರೀಕ್ಷೆ ಮಾಡುವುದು, ಅಂದ ತಕ್ಷಣ "ಸೂಜಿ ತಾಗಿಸಿದರೆ ಹರಡುತ್ತೆ" ಅಂತ ನೆಂಟರಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ. ಅವರ ಮಾತಿಗೆ ತಡಮಾಡಿ ನಾಟಿ ಔಷಧಿಗೆ ಹೋದ ಆರು ತಿಂಗಳಲ್ಲಿ ಹರಡುವುದೇ ಜಾಸ್ತಿ. ಬಯಾಪ್ಸಿ ಮಾಡಿಸಿ, ರಿಪೋರ್ಟ್ ಬರುವ ದಿನಾಂಕ ಬರೆಸಿಕೊಂಡು ಬನ್ನಿ, ಆ ದಿನ ಜೊತೆಗೆ ಓದು ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ.